ಗೂಟ ಕಿತ್ತವನು

ಚಳಿ ಪೂರ್ತಿ ಹೋಗಿರಲಿಲ್ಲ. ಹೋಗಿಬರ್ತೀನಿ ಅಂತ ಹೇಳಿಯೂ ಹೊಸ್ತಿಲಲ್ಲೇ ಮಾತಿಗೆ ನಿಂತ ನೆಂಟರ ಹಾಗೆ, ಬೆಳಗಿನ ಹೊತ್ತು ನೀರಿನ ಮೇಲೆ ಮಂಜಾಗಿ ಕೂತಿರುತ್ತಿತ್ತು. ದೂರದ ಹಕ್ಕಿಗಳು ಬಂದು ಕೆಸರು ಬಯಲಿನ ಮೇಲೆ ಇಳಿಯುವ ಕಾಲ ಅದು. ಹಕ್ಕಿ ಬಂದರೆ ನೋಡುವವರು ಬರುತ್ತಾರೆ. ನೋಡುವವರು ಬರುವ ಮೊದಲು ಯಾರಾದರೂ ಬೋಟು ತೊಳೆಯಬೇಕು. ಚುಕ್ಕಾಣಿ ಮಂಡಿಯೂರಿ ಕೂತು, ಸೀಟುಗಳ ಮೇಲೆ ಒಣಗಿ ಅಂಟಿದ ಹಕ್ಕಿಯ ಹಿಕ್ಕೆಯನ್ನು ನಾರಿನಿಂದ ಉಜ್ಜುತ್ತಿದ್ದ. ಉಜ್ಜಿ, ನೀರು ಹೊಯ್ದು, ಒರೆಸಿ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳನ್ನು ಒಂದೊಂದಾಗಿ ಕೊಡವಿ ಕೊಂಡಿಗೆ ನೇತುಹಾಕುತ್ತಿದ್ದ.

ಪಾರ್ಕಿನ ಬೋಟು ನಡೆಸುವವನಾದ್ದರಿಂದ ಕೇರಿಯಲ್ಲಿ ಎಲ್ಲರಿಗೂ ಅವನು ಚುಕ್ಕಾಣಿ. ಮೈಮೇಲೆ ಪಾರ್ಕಿನ ಹಸಿರು ಅಂಗಿ. ಎದೆಯ ಮೇಲೆ ಹಾರುವ ಹಕ್ಕಿಯ ಚಿತ್ರ.

ಪಾರ್ಕಿನ ಸಾಹೇಬರು ಚಹಾದ ಲೋಟ ಹಿಡಿದು ಜೆಟ್ಟಿಯ ತುದಿಗೆ ಬಂದರು. ಇಳಿತದ ಹೊತ್ತು. ನೀರು ಹಿಂದೆ ಸರಿದು, ಕೆಸರು ಬಯಲು ಕಣ್ಣು ಹಾಯುವವರೆಗೂ ಹೊಳೆಯುತ್ತ ಬಿದ್ದಿತ್ತು. ಅದರ ನಡುವೆ, ದಡದಿಂದ ದೂರದ ಮರಳು ದಿಬ್ಬದ ತನಕ, ಒಂದು ಸಾಲು ಗೂಟಗಳು.

"ಅದೇನಯ್ಯಾ ಅದು, ಹಲ್ಲುದುರಿದ ಬಾಚಣಿಗೆ ಥರ?"

"ಗೂಟ ಸಾರ್."

"ಗೂಟ ಅಂತ ನನಗೂ ಕಾಣ್ತಿದೆ. ಯಾಕಿದೆ?"

ಚುಕ್ಕಾಣಿ ನಾರು ಹಿಂಡಿದ. ಯಾಕಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಅದು ಕೇರಿಯ ಹೆಂಗಸರ ದಾರಿ. ಬಯಲು ಮೇಲಿನಿಂದ ನೋಡಲು ಒಂದೇ ಸಮ. ಕಾಲಿಟ್ಟರೆ ಒಂದು ಕಡೆ ಮೀನಖಂಡದವರೆಗೆ ಇಳಿದು ನಿಲ್ಲುತ್ತದೆ, ಪಕ್ಕದಲ್ಲೇ ಇನ್ನೊಂದು ಕಡೆ ತಳವೇ ಇಲ್ಲ. ಗಟ್ಟಿ ನೆಲ ಎಲ್ಲೆಲ್ಲಿದೆಯೋ ಅಲ್ಲಲ್ಲಿ ಗೂಟ. ಗೂಟದಿಂದ ಗೂಟಕ್ಕೆ ನಡೆದು ಹೆಂಗಸರು ದಿಬ್ಬ ಮುಟ್ಟುತ್ತಾರೆ, ಕಪ್ಪೆಚಿಪ್ಪು ಹೆಕ್ಕುತ್ತಾರೆ, ನೀರು ತಿರುಗುವ ಮೊದಲು ವಾಪಸಾಗುತ್ತಾರೆ. ಪಾರ್ಕು ಆದ ಮೇಲೆ ಅದು ಕಳ್ಳತನ. ದಾರಿ ಎಂದು ಹೇಳಿದರೆ ನಾಳೆಯೇ ಗಾರ್ಡುಗಳು ಬಂದು ಕಾಯುತ್ತಾರೆ. ಅದಕ್ಕೇ ಅವನು ಕೇರಿಯನ್ನು ಉಳಿಸುವ ಸುಳ್ಳು ಹೇಳಿದ.

"ಹಳೇವು ಸಾರ್. ಯಾವ ಕಾಲದಲ್ಲೋ ಬಲೆ ಕಟ್ಟೋಕೆ ಹಾಕಿದ್ದು. ಈಗ ಯಾರೂ ಬರಲ್ಲ."

"ಯಾರೂ ಬರಲ್ಲ ಅಂದ್ಮೇಲೆ ಕಿತ್ತುಹಾಕು." ಸಾಹೇಬರು ಉಳಿದ ಚಹಾವನ್ನು ನೀರಿಗೆ ಚೆಲ್ಲಿದರು. "ನಾಳೆ ದೊಡ್ಡವರು ಬರ್ತಿದಾರೆ. ಫೋಟೋ ತೆಗೆಯೋರೂ ಬರ್ತಾರೆ. ಕಾಡು ಅಂದ್ರೆ ಕಾಡಿನ ಹಾಗಿರಬೇಕು. ಎಮ್ಮೆ ಕಟ್ಟೋ ಕೊಟ್ಟಿಗೆ ಥರ ಅಲ್ಲ."

ಬಾಯಿಂದ ಹೊರಬಿದ್ದ ಸುಳ್ಳು ಅಷ್ಟು ಬೇಗ ತಿರುಗಿ ತನ್ನ ಕುತ್ತಿಗೆಗೇ ಸುತ್ತಿಕೊಳ್ಳುತ್ತದೆಂದು ಚುಕ್ಕಾಣಿ ಎಣಿಸಿರಲಿಲ್ಲ. ಈಗ ದಾರಿ ಅನ್ನುವಂತಿಲ್ಲ. ಆಗಲೇ ಬಲೆ ಅಂದಾಗಿದೆ.

"ಆಯ್ತು ಸಾರ್" ಎಂದ.

ಪ್ಯಾಂಟು ಮಡಿಸಿ ಕೆಸರಿಗಿಳಿದ. ಗೂಟ ಕೀಳುವುದು ಸುಲಭವಲ್ಲ. ಕೆಸರು ಅದನ್ನು ಬಾಯಲ್ಲಿ ಕಚ್ಚಿಕೊಂಡಿರುತ್ತದೆ. ಎರಡೂ ಕೈಯಲ್ಲಿ ತಬ್ಬಿ, ಆ ಕಡೆ ಈ ಕಡೆ ಅಲುಗಿಸಿ, ಬುಡಕ್ಕೆ ನೀರು ಇಳಿಯುವಂತೆ ಮಾಡಿ, ಎದೆಗೊತ್ತಿ ಎಳೆಯಬೇಕು. ಬರುವಾಗ ಅದು ನರಳಿದ ಹಾಗೆ ಸದ್ದು ಮಾಡುತ್ತದೆ. ಒಂದೊಂದು ಗೂಟಕ್ಕೂ ಒಂದೊಂದು ಮನೆಯ ಗುರುತು. ಕಚ್ಚು, ಗಂಟು, ಸುಟ್ಟ ತುದಿ. ಮೇಲ್ಭಾಗದಲ್ಲಿ ಹೆಬ್ಬೆರಳಷ್ಟು ತಗ್ಗು ಕೆತ್ತಿದ್ದು ಅವನ ಅತ್ತಿಗೆಯದು. ಆ ತಗ್ಗನ್ನು ಕೆತ್ತಿಕೊಟ್ಟವನು ಅವನೇ, ಮೀಸೆ ಮೂಡುವ ಮೊದಲು.

ಕೇರಿಯಲ್ಲಿ ಗೂಟದ ಕೆಲಸಕ್ಕೆ ಒಂದು ಕಟ್ಟುಪಾಡು ಇತ್ತು. ಯಾರಿಂದ ಗೂಟ ಬಿತ್ತೋ, ಬಲೆ ಎಳೆಯುವಾಗಲೋ ದೋಣಿ ತಾಗಿಯೋ, ಅವರೇ ಅದನ್ನು ಮತ್ತೆ ನೆಡಬೇಕು. ನೆಡುವುದೆಂದರೆ ಮುಂದೆ ನಡೆಯುವುದು. ಕೆಸರು ದಿನಾ ಜಾಗ ಬದಲಿಸುತ್ತದೆ. ಗಟ್ಟಿ ನೆಲ ಎಲ್ಲಿದೆ ಎಂದು ಕಾಲಿಟ್ಟು ನೋಡದೆ ತಿಳಿಯುವುದಿಲ್ಲ. ಬೀಳಿಸಿದವನು ಮುಂದೆ, ಉಳಿದವರು ಅವನು ಮುಳುಗದೆ ನಿಂತ ಕಡೆ. ಮುಳುಗಿದರೆ ಮೊದಲು ಅವನು.

ಚುಕ್ಕಾಣಿ ಅದನ್ನು ಮರೆತಿರಲಿಲ್ಲ. ನಾಡಿದ್ದು ದೊಡ್ಡವರು ಹೊರಟ ಮೇಲೆ ಇದೇ ತೂತುಗಳಿಗೆ ಇವನ್ನೇ ತೂರಿಸಿದರಾಯ್ತು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡ. ಕೊನೆಯ ಗೂಟ ಕಿತ್ತು ಹಿಂತಿರುಗಿ ನೋಡಿದ. ಮೊದಲ ತೂತುಗಳು ಆಗಲೇ ಮುಚ್ಚಿಕೊಂಡಿದ್ದವು. ಬಯಲು ಒರೆಸಿದ ಹಲಗೆಯಂತೆ ನುಣ್ಣಗಿತ್ತು.

ಗೂಟಗಳನ್ನು ಹಗ್ಗದಲ್ಲಿ ಬಿಗಿದು ಬೋಟಿನ ಸೀಟುಗಳ ಕೆಳಗೆ ತಳ್ಳಿದ.

*

ಕೇರಿ ಈಗ ಐಸ್ ಕಾರ್ಖಾನೆಯ ಹಿಂದಿತ್ತು. ಒಂದಕ್ಕೊಂದು ಬೆನ್ನು ಕೊಟ್ಟ ತಗಡಿನ ಮನೆಗಳ ಸಾಲು. ಮೊದಲು ಅವರೆಲ್ಲ ಇದ್ದದ್ದು ಒಳಗೆ, ಈಗ ಹಕ್ಕಿ ನೋಡುವ ಗೋಪುರ ಎದ್ದಿರುವ ದಡದಲ್ಲಿ. ಪಾರ್ಕು ಎಂದು ಬೇಲಿ ಬಂದಾಗ ಮನೆಗೊಂದು ಕೆಲಸ ಎಂದಿದ್ದರು. ಕೊಟ್ಟದ್ದು ಬೆರಳೆಣಿಕೆಗೆ. ಅಣ್ಣ ಸತ್ತಿದ್ದ. ಅವನ ಪಾಲಿಗೆ ಬಂದ ಕೆಲಸ ಅತ್ತಿಗೆಗೆ ಸೇರಬೇಕಿತ್ತು, ಕಸ ಗುಡಿಸುವುದೋ ಅಡುಗೆಯದೋ. ಅವಳು ಹೋಗಿ ಸಾಹೇಬರ ಮುಂದೆ ನಿಂತು, "ನನಗೆ ಕೆಸರಿದೆ. ನಮ್ಮ ಮೈದುನಂಗೆ ಕೊಡಿ, ಚುಕ್ಕಾಣಿ ಹಿಡಿಯೋದು ನಾನೇ ಕಲಿಸಿದೀನಿ" ಎಂದಳು. ಅವನಿಗೆ ಅಂಗಿ ಬಂತು. ಅವಳಿಗೆ ಕೆಸರು ಉಳಿಯಿತು.

ಅವಳು ಹೆಕ್ಕಿ ತಂದ ಚಿಪ್ಪು ಹಿಂಬಾಗಿಲಿನಿಂದ ಹೋಗುತ್ತಿದ್ದದ್ದು ಪಾರ್ಕಿನ ಅತಿಥಿಗೃಹದ ಅಡುಗೆಮನೆಗೇ. ಹೆಕ್ಕುವುದು ತಪ್ಪು. ತಿನ್ನುವುದಕ್ಕೆ ಯಾರೂ ಬೋರ್ಡು ಹಾಕಿರಲಿಲ್ಲ.

ಅತ್ತಿಗೆಯ ಕೋಣೆಗೂ ಚುಕ್ಕಾಣಿಯ ಕೋಣೆಗೂ ನಡುವೆ ಒಂದೇ ತಗಡು. ಆದರೂ ಅವಳಿಗೂ ಚುಕ್ಕಾಣಿಯ ಹೆಂಡತಿಗೂ ಮಾತು ನಿಂತು ಒಂದು ಹಂಗಾಮು ಕಳೆದಿತ್ತು. ಕಾರಣ ಬಟ್ಟೆ ಒಣಗಿಸುವ ಹಗ್ಗ. ಒಂದು ದಿನ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು, "ನಿನ್ನ ಅಂಗಿ ಕೆಸರು ನಾರುತ್ತೆ, ಅತಿಥಿಗಳಿಗೆ ಕಷ್ಟ" ಎಂದಿದ್ದರು. ಚುಕ್ಕಾಣಿ ಅದನ್ನು ಮನೆಗೆ ಬಂದು ಹೆಂಡತಿಗೆ ಹೇಳಿದ. ಹೆಂಡತಿ ವಾರಗಿತ್ತಿಗೆ ಹೇಳಿದಳು: "ಅಕ್ಕಾ, ನಿನ್ನ ಸೀರೆ ಬೇರೆ ಕಡೆ ಒಣಹಾಕು." ಅಂದಿನಿಂದ ಅತ್ತಿಗೆ ತನ್ನ ಸೀರೆಯನ್ನು ಮುಳ್ಳುಬೇಲಿಯ ಮೇಲೆ ಹಾಕುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ತಗಡಿಗೆ ಹೇಳುತ್ತಿದ್ದರು. ನೀರು ಬಂದಿದೆ, ಬಾಗಿಲು ಹಾಕಿಲ್ಲ, ಬೆಕ್ಕು ಹಾಲು ಕುಡೀತು. ತಗಡು ಎಲ್ಲವನ್ನೂ ದಾಟಿಸುತ್ತಿತ್ತು.

ಸಂಜೆ ಚುಕ್ಕಾಣಿ ಊಟಕ್ಕೆ ಕೂತ. ಎದ್ದು ಹೋಗಿ ಅತ್ತಿಗೆಯ ಬಾಗಿಲಲ್ಲಿ ನಿಂತು ಹೇಳಬೇಕಿತ್ತು. ನಾಲ್ಕು ಹೆಜ್ಜೆಯ ದಾರಿ. ಆದರೆ ನಿಂತರೆ ಅವಳು ಮುಖ ನೋಡುತ್ತಾಳೆ. ನೋಡಿದರೆ ಕೇಳುತ್ತಾಳೆ.

"ಅತ್ತಿಗೆಗೆ ಹೇಳು. ನಾಳೆ ಕೆಸರಿಗೆ ಇಳೀಬಾರದಂತೆ."

"ಯಾಕಂತೆ?"

"ದೊಡ್ಡವರು ಬರ್ತಾರೆ. ಅಷ್ಟು ಹೇಳು ಸಾಕು."

"ನೀವೇ ಹೇಳಿ. ನನ್ನ ಬಾಯಿ ಅವಳಿಗೆ ಮುಳ್ಳು."

"ಹೇಳೇ ಸುಮ್ನೆ."

ಹೆಂಡತಿ ಪಾತ್ರೆ ತಿಕ್ಕುತ್ತಲೇ ತಗಡಿನ ಕಡೆ ದನಿ ಏರಿಸಿದಳು. "ಗೋಡೆಗೆ ಹೇಳ್ತಿದೀನಿ, ಕೇಳಿಸ್ಕೊಳ್ಳಲಿ. ನಾಳೆ ದೊಡ್ಡ ಮನುಷ್ಯರು ಬರ್ತಾರೆ. ಕೆಸರಿಗೆ ಇಳಿಯೋ ಅಭ್ಯಾಸ ಇರೋರು ಒಂದು ದಿನ ಮನೇಲಿ ಬಿದ್ದಿರಬೇಕಂತೆ. ಪಾರ್ಕಿನ ಕೆಲಸ ಮಾಡೋರ ಮರ್ಯಾದೆ ಕಾಯಬೇಕಂತೆ."

ಮರ್ಯಾದೆಯ ಮಾತು ಅವಳೇ ಸೇರಿಸಿದ್ದು. ಚುಕ್ಕಾಣಿ ತಡೆಯಲಿಲ್ಲ.

ಆ ಕಡೆಯಿಂದ ಅತ್ತಿಗೆಯ ದನಿ, ಒಲೆಗೆ ಹೇಳುವ ಹಾಗೆ: "ಕೇಳಿತು. ಅಂಗಿ ಹಾಕ್ಕೊಂಡೋರಿಗೆ ಸೀರೆ ಕಂಡ್ರೂ ನಾಚಿಕೆ, ಈಗ ನಾನು ಕಂಡ್ರೂ ನಾಚಿಕೆ."

ತಗಡಿನ ಮಾತು ಇಡೀ ಸಾಲಿಗೆ ಕೇಳಿಸಿತ್ತು. ಮಾರನೆಯ ದಿನ ಕೇರಿಯ ಬೇರೆ ಹೆಂಗಸರು ಯಾರೂ ಇಳಿಯಲಿಲ್ಲ. ಇಳಿದವಳು ಒಬ್ಬಳೇ. ಗೂಟ ಇದೆಯೋ ಇಲ್ಲವೋ ಕಾಣದ ಮಂಜಿನಲ್ಲಿ, ಕಾಲಿನ ನೆನಪನ್ನೇ ನಂಬಿ, ಬುಟ್ಟಿ ಬೆನ್ನಿಗೆ ಕಟ್ಟಿ, ಬೇಕೆಂದೇ.

*

ಬೋಟಿನಲ್ಲಿ ದೊಡ್ಡವರಿದ್ದರು, ಅವರ ಮನೆಯವರಿದ್ದರು, ಕುತ್ತಿಗೆಗೆ ಮೊಳದುದ್ದದ ಕ್ಯಾಮೆರಾ ನೇತುಹಾಕಿಕೊಂಡ ಟೋಪಿಯವನೊಬ್ಬನಿದ್ದ. ಸಾಹೇಬರು ಚುಕ್ಕಾಣಿಯ ಪಕ್ಕದಲ್ಲೇ ನಿಂತಿದ್ದರು. ಹಿಂದೆ ಗಾರ್ಡುಗಳ ಬೋಟು, ದೊಡ್ಡವರ ಕಾವಲಿಗೆ.

ಮಂಜು ಹರಿದು ಬಿಸಿಲು ಬಿದ್ದಿತ್ತು. ನೀರು ತಿರುಗಿ ಉಬ್ಬರ ಶುರುವಾಗಿತ್ತು. ಪಾರ್ಕಿನ ಹುಡುಗಿ ಮೈಕು ಹಿಡಿದು ದಿನಾ ಹೇಳುವುದನ್ನೇ ಹೇಳುತ್ತಿದ್ದಳು. "ನಿಮ್ಮ ಎಡಕ್ಕೆ ಕಾಣುವುದು ಪ್ರಕೃತಿ ತಾನೇ ಕಾಪಾಡಿಕೊಂಡು ಬಂದ ಜಾಗ. ಇಲ್ಲಿ ಮನುಷ್ಯರ ಹೆಜ್ಜೆ ಬಿದ್ದಿಲ್ಲ." ಈ ಮಾತು ಬಂದಾಗಲೆಲ್ಲ ಚುಕ್ಕಾಣಿ ಇಂಜಿನ್ನಿನ ಸದ್ದು ಸ್ವಲ್ಪ ಏರಿಸುತ್ತಿದ್ದ. ಆ ಎಡದ ದಡದಲ್ಲೇ ಅವರ ಒಲೆ ಇತ್ತು, ಅಂಗಳವಿತ್ತು. ಅಣ್ಣನ ಹೆಣ ಮಲಗಿಸಿದ್ದು ಅಲ್ಲೇ.

"ಅಲ್ನೋಡಿ ಅಲ್ನೋಡಿ!" ಟೋಪಿಯವನು ಎದ್ದು ನಿಂತ. "ಎಷ್ಟು ದೊಡ್ಡ ಹಕ್ಕಿ! ಒಂಟಿ. ಏನದು, ಕೊಕ್ಕರೆನಾ?"

ಎಲ್ಲರೂ ಬೋಟಿನ ಒಂದೇ ಪಕ್ಕಕ್ಕೆ ಬಂದರು. ಬೋಟು ವಾಲಿತು. ದುರ್ಬೀನು ಕೈಯಿಂದ ಕೈಗೆ ಹೋಯಿತು. ಕ್ಯಾಮೆರಾ ಚಟಚಟ ಎಂದಿತು.

ಚುಕ್ಕಾಣಿಗೆ ದುರ್ಬೀನು ಬೇಕಿರಲಿಲ್ಲ. ಕೆಸರಿನಲ್ಲಿ ಹೂತ ಅರ್ಧ ಮೈ, ಬೆನ್ನಿಗೆ ಬುಟ್ಟಿ, ತಲೆಗೆ ಸುತ್ತಿದ ಸೆರಗು. ಗೂಟಗಳ ಸಾಲು ಹೊಳೆಯ ತಿರುವಿನಂತೆ ಬಳಸುತ್ತಿದ್ದ ಜಾಗದಲ್ಲಿ ಅವಳು ನೇರಕ್ಕೆ ಕಾಲಿಟ್ಟಿದ್ದಳು. ಉಬ್ಬರದ ನೀರಿನ ತೆಳು ಹಾಳೆ ಆಗಲೇ ಅವಳ ಸುತ್ತ ಹರಡುತ್ತಿತ್ತು.

"ಯಾರೋ ಹೆಂಗಸು ಸಾರ್" ಎಂದ. ತನ್ನ ದನಿ ತನಗೇ ಬೇರೆಯವರದೆನಿಸಿತು.

ಸಾಹೇಬರೂ ನೋಡಿದ್ದರು. ಕಿವಿಯ ಹತ್ತಿರ ಬಾಗಿ, ಹಲ್ಲು ಕಚ್ಚಿ ಹೇಳಿದರು: "ನಿಲ್ಲಿಸಬೇಡ. ಇವರ ಮುಂದೆ ಬೇಡ. ಗಾರ್ಡ್ ಬೋಟಿಗೆ ಹೇಳ್ತೀನಿ, ನೀನು ಕಾಲುವೆ ಬಿಡಬೇಡ."

ಆಗ ಅತ್ತಿಗೆ ಕೈಯೆತ್ತಿದಳು. ಬಾ ಎಂದಲ್ಲ. ಅಂಗೈಯನ್ನು ಹೊರಕ್ಕೆ ಮಾಡಿ, ಗಾಳಿಯನ್ನು ದೂಡುವ ಹಾಗೆ, ಒಮ್ಮೆ, ಇನ್ನೊಮ್ಮೆ. ನೀರಿನ ಮೇಲೆ ಬೆಳೆದ ಯಾರಿಗಾದರೂ ಅದು ಗೊತ್ತು. ಇಲ್ಲಿ ಆಳವಿಲ್ಲ, ಬೋಟು ಕೂರುತ್ತದೆ, ಆಚೆ ಹೋಗು. ಅವನಿಗೆ ಆ ಸನ್ನೆ ಕಲಿಸಿದ್ದೂ ಅವಳೇ. ಬೋಟು ಯಾರದೆಂದು ಅವಳಿಗೆ ಕಂಡಿತ್ತು. ಅದರಲ್ಲಿ ಯಾರಿದ್ದಾರೆಂದೂ ತಿಳಿದಿತ್ತು. ಹೋಗು ಎಂದಳು.

ಚುಕ್ಕಾಣಿ ಹೋದ.

ಕೈ ತಿರುಗಲಿಲ್ಲ. ತಿರುಗಲಿಲ್ಲ ಎನ್ನುವುದಕ್ಕಿಂತ, ಅವಳು ಹೋಗು ಎಂದ ಕೂಡಲೇ ಕೈಗೆ ಹಗುರವಾಯಿತು. ಆಮೇಲೆ ಎಷ್ಟು ತೊಳೆದರೂ ಹೋಗದ್ದು ಆ ಹಗುರ. ಅವಳೇ ಹೇಳಿದಳಲ್ಲ. ಗಾರ್ಡ್ ಬೋಟು ಬರುತ್ತಲ್ಲ. ಕಾಲುವೆ ಬಲಕ್ಕೆ ತಿರುಗಿತು. ಉಪ್ಪುನೀರಿನ ಗಿಡಗಳ ಮರೆ ಬಂತು. ಅವಳು ಕಾಣದಾದಳು.

ಹಿಂತಿರುಗಿ ನೋಡಿದ. ಗಾರ್ಡುಗಳ ಬೋಟು ಅವನ ಬೋಟಿನ ನೀರಿನ ಗೆರೆಯಲ್ಲೇ ಮರೆ ದಾಟಿ ಬರುತ್ತಿತ್ತು. ನಿಂತಿರಲಿಲ್ಲ. ಸಾಹೇಬರ ಫೋನು ಇನ್ನೂ ಜೇಬಿನಿಂದ ಹೊರಬಂದಿರಲಿಲ್ಲ. ಅವರು ದೊಡ್ಡವರಿಗೆ ಗೋಪುರ ತೋರಿಸುತ್ತಿದ್ದರು.

ಟೋಪಿಯವನು ಕ್ಯಾಮೆರಾ ಹಿಡಿದು ಮುಂದೆ ಬಂದ. "ಡ್ರೈವರ್, ನೀವು ದಿನಾ ಓಡಾಡೋರು, ನೀವಾದ್ರೂ ಹೇಳಿ. ಇದು ಹಕ್ಕಿನೋ ಏನೋ?" ಚಿತ್ರವನ್ನು ದೊಡ್ಡದು ಮಾಡಿ ಅವನ ಮೂಗಿನ ಮುಂದೆ ಹಿಡಿದ.

ದೂರದಿಂದ ಸೊಂಟದವರೆಗೆ ಎಂದುಕೊಂಡಿದ್ದ. ಪಕ್ಕೆಲುಬಿನವರೆಗೆ ಹೂತಿದ್ದಳು. ಎತ್ತಿದ ಕೈ ಹೋಗು ಎನ್ನುತ್ತಿತ್ತು. ಇನ್ನೊಂದು ಕೈ ಕೆಸರಿನ ಮೇಲೆ ಅಗಲಕ್ಕೆ ಚಾಚಿ, ಬೆರಳೆಲ್ಲ ಬಿಚ್ಚಿ, ಮೈಭಾರವನ್ನು ಹಿಡಿದುಕೊಂಡಿತ್ತು. ತುಟಿ ಬಿಗಿದಿದ್ದಳು. ಕಣ್ಣು ನೇರ ಬೋಟಿನ ಮೇಲಿತ್ತು.

ಚುಕ್ಕಾಣಿ ಬೋಟಿನ ಚಕ್ರವನ್ನು ಪೂರ್ತಿ ತಿರುಗಿಸಿದ. ಬೋಟು ಎದ್ದು ಬಿದ್ದ ಹಾಗೆ ವಾಲಿತು. ಯಾರದೋ ನೀರಿನ ಬಾಟಲಿ ಉರುಳಿತು. ಹೆಂಗಸೊಬ್ಬಳು ಕಿರುಚಿದಳು.

"ಎಲ್ಲಿಗೆ ತಿರುಗಿಸ್ತಿದೀಯಾ? ಏಯ್!"

"ಇವರು ಕೇಳ್ತಿದಾರಲ್ಲ ಸಾರ್, ಹಕ್ಕಿ. ಅದು ನಮ್ಮತ್ತಿಗೆ."

"ತಲೆ ಕೆಟ್ಟಿದೆಯಾ? ಕೆಲಸ ಹೋಗುತ್ತೆ ನಿಂದು!"

"ಹೋಗಲಿ."

ಬೋಟು ಕಾಲುವೆ ಬಿಟ್ಟು ಕೆಸರಿಗೆ ನುಗ್ಗಿ, ತಳ ಉಜ್ಜಿ ನಿಂತಿತು. ಚುಕ್ಕಾಣಿ ಇಂಜಿನ್ ಆರಿಸಿ ಕೀಲಿಕೈಯನ್ನು ಎದೆಯ ಜೇಬಿಗೆ ಹಾಕಿಕೊಂಡ. ಸೀಟಿನ ಕೆಳಗಿಂದ ಗೂಟದ ಕಟ್ಟನ್ನು ಎಳೆದ. ದೊಡ್ಡವರ ಕಾಲುಗಳು ಅಡ್ಡವಿದ್ದವು. "ಕಾಲೆತ್ತಿ" ಎಂದ. ಅವರು ಎತ್ತಿದರು.

ಹಾರಿದ.

ಕೆಸರಿನಲ್ಲಿ ಓಡಲು ಬರುವುದಿಲ್ಲ. ಮಲಗಬೇಕು. ಎರಡು ಗೂಟ ಉದ್ದಕ್ಕೆ, ಎರಡು ಅಡ್ಡಕ್ಕೆ ಹಾಕಿ, ಅದರ ಮೇಲೆ ಹೊಟ್ಟೆಯಲ್ಲಿ ತೆವಳಿ, ಹಿಂದಿನವನ್ನು ಕಿತ್ತು ಮುಂದಕ್ಕೆಸೆದು, ಮತ್ತೆ ತೆವಳಿ. ಬಾಯಿಗೆ, ಮೂಗಿಗೆ ಕೆಸರು. ನಿನ್ನೆ ಎದೆಗೊತ್ತಿ ಕಿತ್ತ ಗೂಟಗಳ ಮೇಲೆ ಇವತ್ತು ಎದೆ ಉಜ್ಜಿ ಸಾಗಿದ. ಅಂಗಿಯ ಹಕ್ಕಿ ಹರಿಯಿತು.

"ಬೋಟು ಕೂತುಬಿಟ್ಟಿತಲ್ಲೋ ಮರಿ" ಅಂದಳು ಅತ್ತಿಗೆ. ದನಿ ಒಣಗಿತ್ತು. "ಹೋಗು ಅಂದೆನಲ್ಲ."

"ಕೂರಲಿ."

"ನಿನ್ನ ಕೆಲಸ..."

"ಮಾತಾಡಬೇಡ ಅತ್ತಿಗೆ. ನನ್ನ ಕತ್ತು ಹಿಡ್ಕೋ."

ಅವಳು ಎರಡೂ ತೋಳಿನಲ್ಲಿ ಅವನ ಕತ್ತು ಹಿಡಿದಳು. ಅವನು ಗೂಟಗಳನ್ನು ಅವಳ ಕಂಕುಳ ಕೆಳಗೆ ತೂರಿಸಿದ. ಕೈಯನ್ನು ಅವಳ ತೊಡೆಯುದ್ದಕ್ಕೂ ಇಳಿಸಿ ಕೆಸರು ತೋಡತೊಡಗಿದ. ತೋಡಿದಷ್ಟೂ ತುಂಬಿಕೊಳ್ಳುತ್ತಿತ್ತು. ಗೂಟದ ಹಾಗೆಯೇ ಕಾಲೂ. ಎಳೆದರೆ ಬರುವುದಿಲ್ಲ, ಅಲುಗಿಸಿ, ಬುಡಕ್ಕೆ ನೀರು ಬಿಟ್ಟು, ಬೆರಳಷ್ಟು ಬೆರಳಷ್ಟು ಮೇಲೆತ್ತಬೇಕು. ನೀರು ಅವನ ಗದ್ದ ಮುಟ್ಟಿತು. ಅವಳ ಉಸಿರು ಅವನ ಕಿವಿಗೆ ಬೀಳುತ್ತಿತ್ತು.

ಆಗ ಅವಳ ಕಣ್ಣು ಕಂಕುಳ ಕೆಳಗಿನ ಗೂಟದ ಮೇಲೆ ಬಿತ್ತು. ಮೇಲ್ಭಾಗದಲ್ಲಿ ಹೆಬ್ಬೆರಳಷ್ಟು ತಗ್ಗು.

"ಇದು ನಂದು. ಎಲ್ಲಿತ್ತು?"

ಚುಕ್ಕಾಣಿ ತೋಡುತ್ತಲೇ ಇದ್ದ. ಅವಳ ತೋಳು ಕತ್ತಿನ ಮೇಲಿತ್ತು. ಮುಖ ಮುಚ್ಚಿಕೊಳ್ಳಲು ಜಾಗವಿರಲಿಲ್ಲ.

"ನಾನೇ ಕಿತ್ತೆ ಅತ್ತಿಗೆ. ನಿನ್ನೆ. ಸಾಹೇಬರು ಹೇಳಿದ್ರು, ಕಿತ್ತೆ."

ಅವಳು ಕತ್ತು ಬಿಡಲಿಲ್ಲ. ಬಿಟ್ಟಿದ್ದರೆ ಅವನಿಗೆ ಸುಲಭವಾಗುತ್ತಿತ್ತೋ ಏನೋ. ಕೊನೆಯ ಎಳೆತಕ್ಕೆ ಮೊಣಕಾಲಲ್ಲಿ ಏನೋ ಲಟಕ್ಕೆಂದಿತು. ಅವಳು ಕೂಗಲಿಲ್ಲ, ಅವನ ಭುಜ ಕಚ್ಚಿದಳು. ಕಾಲು ಹೊರಬಂತು.

ಬೋಟಿನಿಂದ ಚಪ್ಪಾಳೆ ಕೇಳಿಸಿತು. ಕ್ಯಾಮೆರಾ ಚಟಚಟ ಎನ್ನುತ್ತಲೇ ಇತ್ತು.

ಅವಳನ್ನೂ ಗೂಟಗಳನ್ನೂ ಬೋಟಿಗೇರಿಸಿ ನೋಡಿದರೆ ಕೀಲಿಕೈ ಜೇಬಿನಲ್ಲಿರಲಿಲ್ಲ. ತೆವಳುವಾಗ ಜೇಬು ಹರಿದು ಕೆಸರಿಗೆ ಹೋಗಿತ್ತು. ಉಬ್ಬರ ಬೋಟನ್ನು ಎತ್ತಿತು, ಆದರೆ ಎತ್ತಿದ ಬೋಟನ್ನು ನಡೆಸುವ ದಾರಿಯಿಲ್ಲದೆ ದೊಡ್ಡವರು ಕಿತ್ತಳೆ ಜಾಕೆಟ್ಟು ತೊಟ್ಟು, ಗಾರ್ಡುಗಳು ಹಗ್ಗ ಕಟ್ಟಿ ಎಳೆಯುವವರೆಗೂ, ತೇಲುತ್ತ ಕೂತಿದ್ದರು. ಮೈಕಿನ ಹುಡುಗಿಯ ಹತ್ತಿರ ಹೇಳಲು ಏನೂ ಉಳಿದಿರಲಿಲ್ಲ.

*

"ಹಳೇ ಗೂಟ ಅಂತ ನೀನೇ ಹೇಳಿದ್ದು" ಎಂದರು ಸಾಹೇಬರು. ಆಫೀಸಿನಲ್ಲಿ ಫ್ಯಾನು ತಿರುಗುತ್ತಿತ್ತು. ಚುಕ್ಕಾಣಿಯ ಮೈಮೇಲೆ ಕೆಸರು ಒಣಗಿ ಬಿರಿದು ನೆಲದ ಹಾಸುಗಲ್ಲಿನ ಮೇಲೆ ಚೂರುಚೂರಾಗಿ ಉದುರುತ್ತಿತ್ತು. "ನಾನೇನು ಗೊತ್ತಿದ್ದು ಕೀಳಿಸಿದ್ನಾ? ಹೇಳು."

"ಇಲ್ಲ ಸಾರ್. ಸುಳ್ಳು ಹೇಳಿದ್ದು ನಾನು."

"ಹಾಂ." ಸಾಹೇಬರ ದನಿ ಮೆತ್ತಗಾಯಿತು. "ದೊಡ್ಡವರು ಕೇಳ್ತಿದಾರೆ. ನೀನು ಒಂದು ಮಾತು ಹೇಳಿದ್ರೆ ಎಲ್ಲ ಇಲ್ಲಿಗೇ ಮುಗಿಯುತ್ತೆ. ಅವಳು ಎಲ್ಲಿಂದಲೋ ದಾರಿ ತಪ್ಪಿ ಬಂದ್ಲು. ಇಲ್ಲಿ ಯಾರೂ ಇಳಿಯಲ್ಲ. ದಾರಿ ಗೀರಿ ಅಂತ ಏನೂ ಇರಲಿಲ್ಲ. ನಿನ್ನ ಕೆಲಸವೂ ಉಳಿಯುತ್ತೆ, ಅವಳ ಮೇಲೆ ಕೇಸೂ ಇರಲ್ಲ."

ಒಳ್ಳೆಯ ಮಾತೇ. ಎಲ್ಲರೂ ಉಳಿಯುವ ಮಾತು. ನಿನ್ನೆಯ ಮಾತೂ ಹೀಗೇ ಇತ್ತು, ಕೇರಿ ಉಳಿಸುವ ಮಾತು.

"ದಾರಿ ಇತ್ತು ಸಾರ್. ನಿಮ್ಮ ಪಾರ್ಕಿಗಿಂತ ಮುಂಚಿಂದು. ಅದನ್ನ ಕಿತ್ತವನು ನಾನು. ನಾನೇ ನೆಡ್ತೀನಿ."

"ನೆಟ್ಟರೆ ಒಳಗೆ ಹಾಕ್ತೀನಿ."

"ಹಾಕಿ. ನಮ್ಮತ್ತಿಗೆ ಕೆಸರಲ್ಲಿ ಇದ್ದಷ್ಟು ಒಳಗೆ ಹಾಕೋಕೆ ನಿಮ್ಮ ಕೈಲೂ ಆಗಲ್ಲ."

ಅಂಗಿ ಬಿಚ್ಚಿಡು ಎಂದರು. ಅದು ಮೈಗೇ ಅಂಟಿ ಒಣಗಿತ್ತು. ಬಿಚ್ಚಲು ಹೊತ್ತು ಹಿಡಿಯಿತು. ಬಿಚ್ಚಿ ಮೇಜಿನ ಮೇಲಿಟ್ಟಾಗ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದರು.

ಕೇರಿಗೆ ಬಂದು, ನಲ್ಲಿಯ ಹತ್ತಿರ ನೆರೆದಿದ್ದ ಹೆಂಗಸರ ಎದುರು ನಿಂತು ಹೇಳಿದ. ಕಿತ್ತದ್ದು ನಾನು. ಸುಳ್ಳು ಹೇಳಿದ್ದೂ ನಾನು. ಮನೆಗೆ ಹೋಗಿ ಹೇಳದೆ ಹೆಂಡತಿಯ ಬಾಯಿಂದ ತಗಡಿಗೆ ಹೇಳಿಸಿದ್ದೂ ನಾನು. ಒಬ್ಬಳು ಕೊಡ ನೆಲಕ್ಕೆ ಕುಕ್ಕಿದಳು. ಮುದುಕಿಯೊಬ್ಬಳು ಅವನ ಕಾಲ ಬಳಿ ಉಗಿದಳು. ಅವನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. "ಗೂಟ ಕಿತ್ತಿದೀನಿ ಅಂತ ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ? ಹೇಳಿದ್ರೆ ನಾನು ಅವಳ ಕಾಲು ಹಿಡಿದಾದ್ರೂ ಮನೇಲಿ ಕೂರಿಸ್ತಿದ್ದೆ" ಎಂದಳು. ಆಮೇಲೆ ಹೊರಗಿಳಿದು, ಹಗ್ಗದ ಮೇಲಿದ್ದ ತನ್ನ ಬಟ್ಟೆಗಳನ್ನೆಲ್ಲ ಎಳೆದುಹಾಕಿ, ಬೇಲಿಯ ಮೇಲಿದ್ದ ವಾರಗಿತ್ತಿಯ ಸೀರೆ ತಂದು ಹಗ್ಗಕ್ಕೆ ಹಾಕಿದಳು.

ಅತ್ತಿಗೆ ಚಾಪೆಯ ಮೇಲಿದ್ದಳು. ಮೊಣಕಾಲು ಮಡಕೆಯಂತೆ ಊದಿತ್ತು. ಚುಕ್ಕಾಣಿ ದಿನಾ ಬಾಗಿಲಲ್ಲಿ ಕೂರುತ್ತಿದ್ದ. ಅವಳು ಮಾತಾಡಲಿಲ್ಲ. ಒಂದು ಸಂಜೆ ತಗಡಿಗೆ ಹೇಳಿದಳು: "ಮುಂದಿನ ದೊಡ್ಡ ಇಳಿತಕ್ಕೆ ಬಯಲು ಪೂರ್ತಿ ತೆರೆಯುತ್ತೆ. ಕಿತ್ತೋರು ಮುಂದೆ ನಡೀಬೇಕು."

*

ಹಗಲಿಗೇ ಹೋದರು. ಕದ್ದು ಹೋಗುವುದಿಲ್ಲ ಎಂದದ್ದು ಅತ್ತಿಗೆಯೇ. ಮುಂದೆ ಚುಕ್ಕಾಣಿ, ಬರೀ ಮೈ. ಹಿಂದೆ ಅವನು ನಿಂತ ಗುರುತಿನಲ್ಲೇ ಕಾಲಿಡುತ್ತ ಹೆಂಗಸರ ಸಾಲು. ಅತ್ತಿಗೆಗೆ ನಡೆಯಲಾಗುತ್ತಿರಲಿಲ್ಲ. ಅಗಲದ ಹಲಗೆಯೊಂದರ ಮೇಲೆ ಕೆಟ್ಟ ಕಾಲನ್ನು ಮಡಿಸಿ ಕೂತು, ಇನ್ನೊಂದು ಕಾಲಿನಿಂದ ಕೆಸರನ್ನು ಒದ್ದು ಜಾರುತ್ತ ಅವನ ಬೆನ್ನಿಗೇ ಬರುತ್ತಿದ್ದಳು. ಗೂಟಗಳು ಹಲಗೆಯ ಮೇಲಿದ್ದವು.

ಅವನು ಕಾಲಿಡುತ್ತಿದ್ದ. ಭಾರ ಬಿಡುತ್ತಿದ್ದ. ನಿಂತರೆ ಕೈ ಹಿಂದಕ್ಕೆ ಚಾಚುತ್ತಿದ್ದ, ಅವಳು ಗೂಟ ಕೊಡುತ್ತಿದ್ದಳು. ನಿಲ್ಲದಿದ್ದರೆ ಮುಳುಗುತ್ತಿದ್ದ. ಒಮ್ಮೆ ತೊಡೆಯವರೆಗೆ, ಒಮ್ಮೆ ಸೊಂಟದವರೆಗೆ. ಹೆಂಗಸರು ಹಗ್ಗ ಎಸೆದು ಎಳೆಯುತ್ತಿದ್ದರು. "ಬೋಟು ಓಡಿಸಿ ಓಡಿಸಿ ಕಾಲು ನೆಲ ಮರೆತಿದೆ" ಎಂದು ಒಬ್ಬಳು ನಕ್ಕಳು. ಚಿಪ್ಪಿನ ಚೂರುಗಳು ಅಂಗಾಲು ಸೀಳಿದವು. ಉಪ್ಪು ಹೊಕ್ಕು ಉರಿಯಿತು. ಅವನು ಬಗ್ಗಿ ನೋಡಲಿಲ್ಲ.

ಪಾರ್ಕಿನ ಬೋಟು ಬಂತು. ಅದನ್ನು ನಡೆಸುತ್ತಿದ್ದವನು ಹೊಸಬ. ಮೈಕಿನ ದನಿ ನೀರಿನ ಮೇಲೆ ತೇಲಿ ಬಂತು. "ನಿಮ್ಮ ಎಡಕ್ಕೆ ಕಾಣುವುದು ಪ್ರಕೃತಿ ತಾನೇ..." ಎಂದು ಅಲ್ಲಿಗೆ ನಿಂತಿತು. ಆಮೇಲೆ ಇಂಜಿನ್ನಿನ ಸದ್ದು ಮಾತ್ರ. ಜನ ಎದ್ದು ನಿಂತು ಫೋಟೋ ತೆಗೆದರು. ಹೆಂಗಸರು ಸೆರಗು ಮುಖಕ್ಕೆ ಎಳೆದುಕೊಳ್ಳಲಿಲ್ಲ. ಜೆಟ್ಟಿಯ ಮೇಲೆ ಗಾರ್ಡುಗಳು ಕಾಯುತ್ತ ಸಾಲಾಗಿ ನಿಂತಿದ್ದರು. ಅವರು ಕೆಸರಿಗೆ ಇಳಿಯುವುದಿಲ್ಲ. ದಡಕ್ಕೆ ಬಂದಾಗ ಹಿಡಿಯುತ್ತಾರೆ.

ದಿಬ್ಬ ಕಾಲಿಗೆ ಸಿಕ್ಕಿತು. ತಗ್ಗು ಕೆತ್ತಿದ ಗೂಟವೊಂದೇ ಉಳಿದಿತ್ತು. ಚುಕ್ಕಾಣಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರವೆಲ್ಲ ಹಾಕಿ ಒತ್ತಿದ. ಅಲುಗಿಸಿ ನೋಡಿದ. ಕೆಸರು ಕಚ್ಚಿಕೊಂಡಿತ್ತು.

"ಗೂಟ ಮುಗೀತು ಅತ್ತಿಗೆ."

ಅವಳು ಹಲಗೆಯ ಮೇಲಿಂದ ಹಿಂದಿನ ಸಾಲನ್ನೆಲ್ಲ ಒಮ್ಮೆ ನೋಡಿದಳು. "ಗೂಟದ್ದು ಮುಗೀತು."

ಹೆಂಗಸರು ದಿಬ್ಬದ ಮೇಲೆ ಚದುರಿ ಆಗಲೇ ಬಗ್ಗಿದ್ದರು. ಚಿಪ್ಪುಗಳು ಬುಟ್ಟಿಗೆ ಬೀಳುವ ಸದ್ದು ಶುರುವಾಗಿತ್ತು.

"ಅವತ್ತು ನಾನು ಹೋಗು ಅಂದೆ" ಎಂದಳು, ಮೊದಲ ಸಲ ಅವನ ಮುಖ ನೋಡಿ.

"ಹೌದು."

"ನೀನು ಹೋದೆ."

ಅವನು ಬಾಯಿ ತೆರೆದ. ಬಂದೆನಲ್ಲ, ತಿರುಗಿ ಬಂದೆನಲ್ಲ ಎನ್ನಬಹುದಿತ್ತು. ಕೈಯ ಆ ಹಗುರ ನೆನಪಾಯಿತು. ಬಾಯಿ ಮುಚ್ಚಿದ.

ಅವಳು ಕುಂಟುಗಾಲನ್ನು ಎಳೆದುಕೊಂಡು ಹಲಗೆಯಿಂದ ಮರಳಿಗೆ ಜಾರಿ, ಕೂತಲ್ಲೇ ಚಿಪ್ಪು ಹೆಕ್ಕತೊಡಗಿದಳು. ಅವನೂ ಅವಳ ಬುಟ್ಟಿಗೇ ಹೆಕ್ಕಿದ. ನೀರಿನ ಅಂಚು ದೂರದಲ್ಲಿ ಮಿನುಗಿದಾಗ ಅವಳು ತಲೆಯೆತ್ತಿದಳು.

"ನೀರು ತಿರುಗಿತು. ಮುಂದೆ ನಡಿ."

ಗೂಟಗಳು ದಡದವರೆಗೂ ಸಾಲಾಗಿ ನಿಂತಿದ್ದವು. ಇನ್ನು ಯಾರೂ ಯಾರ ಮುಂದೆಯೂ ನಡೆಯಬೇಕಾಗಿರಲಿಲ್ಲ. ಚುಕ್ಕಾಣಿ ಅವಳ ಬುಟ್ಟಿಯನ್ನು ತಲೆಗೇರಿಸಿಕೊಂಡು, ಅವಳು ಕೂತ ಹಲಗೆಗೆ ಕಟ್ಟಿದ ಹಗ್ಗವನ್ನು ಸೊಂಟಕ್ಕೆ ಬಿಗಿದು, ಗಾರ್ಡುಗಳು ಕಾಯುತ್ತಿದ್ದ ದಡದ ಕಡೆಗೆ ಮುಂದೆ ನಡೆದ.